ಹಸಿರು ಕೆರೆಯ ಇರುಳು

“ಪವಾಯಿ ಕೆರೆ ಹಸಿರಾಗಿದೆ ಅಂದ್ರೆ ಜೀವ ತುಂಬಿದೆ ಅಂತ ಮಾರಾಯ್ರೆ, ಅಷ್ಟು ಆಕ್ಸಿಜನ್ ಬೇರೆಲ್ಲಿ ಸಿಗ್ತದೆ?” ಎಂದರು ಮುಂಬಯಿಯ ಭಾಂಡುಪಿನ ನಮ್ಮ ಸೊಸೈಟಿಯ ಹಿರಿಯರೊಬ್ಬರು. ಎದುರಿಗೆ ತಲೆಯಾಡಿಸಿದೆ; ಒಪ್ಪಲಿಲ್ಲ. ಅವರು ಕಂಡದ್ದು ಕೆರೆಯ ಹಗಲನ್ನು ಮಾತ್ರ.

ಆ ಹಸಿರು ಸೂಕ್ಷ್ಮ ಪಾಚಿಗಳದ್ದು, ಅಂದರೆ ಸಸ್ಯಪ್ಲವಕಗಳದ್ದು. ಬಿಸಿಲಿರುವಷ್ಟು ಹೊತ್ತು ಅವು ಸಕ್ಕರೆ ಕಟ್ಟುತ್ತವೆ, ಆಮ್ಲಜನಕ ಬಿಡುತ್ತವೆ. ಹಿರಿಯರ ಮಾತು ಇಲ್ಲಿಯವರೆಗೆ ಸರಿ. ಕತ್ತಲಾದರೆ ತಯಾರಿಕೆ ನಿಂತು ಖರ್ಚು ಮಾತ್ರ ಉಳಿಯುತ್ತದೆ. ಪಾಚಿಗೂ ಉಸಿರು ಬೇಕು, ಅದನ್ನು ಮೇಯುವ ಪ್ರಾಣಿಪ್ಲವಕಕ್ಕೂ ಬೇಕು, ಸತ್ತದ್ದನ್ನು ಕರಗಿಸುವ ಬ್ಯಾಕ್ಟೀರಿಯಾಕ್ಕೂ ಬೇಕು. ಪಾಚಿ ಮಿತಿಮೀರಿದ ಕೆರೆಯ ಮೀನು ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆಯುವುದು ಇದಕ್ಕೇ.

ಈ ಜಮಾಖರ್ಚು ಅಳೆಯಲು ನಾರ್ವೆಯ ಗಾರ್ಡರ್ ಮತ್ತು ಗ್ರಾನ್ 1927ರಲ್ಲಿ ಪ್ರಕಟಿಸಿದ ಉಪಾಯದ ಮೇಲೆ ನನಗೆ ವಿಶೇಷ ಅಕ್ಕರೆ. ಒಂದೇ ನೀರು, ಎರಡು ಬಾಟಲಿ: ಒಂದು ಬಿಳಿ, ಒಂದು ಬೆಳಕು ಹೊಗದ್ದು. ಎರಡನ್ನೂ ನೀರಿನಲ್ಲಿ ಒಂದೇ ಆಳಕ್ಕೆ ಇಳಿಬಿಟ್ಟು, ಕೆಲವು ತಾಸಿನ ನಂತರ ಆಮ್ಲಜನಕ ಅಳೆದರೆ ಬಿಳಿಯದರಲ್ಲಿ ಉಳಿತಾಯ, ಕಪ್ಪಿನದರಲ್ಲಿ ಖರ್ಚು ಸಿಗುತ್ತದೆ. ಅಳೆಯುವ ಸಾಮಗ್ರಿ ಇಲ್ಲದ ನಾನು ಪವಾಯಿ ನೀರನ್ನು ಎರಡು ಬಾಟಲಿಗೆ ತುಂಬಿ ಒಂದನ್ನು ಕಿಟಕಿಯಲ್ಲಿಟ್ಟೆ, ಇನ್ನೊಂದನ್ನು ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟೆ. ಕಿಟಕಿಯದರಲ್ಲಿ ಬಿಸಿಲಿನ ಬದಿಗೆ ಹಸಿರು ಗೆರೆ ಮೂಡಿತು. ಐದನೆಯ ದಿನ ಕಪಾಟಿನದರ ಮುಚ್ಚಳ ತೆಗೆದಾಗ ಹೆಂಡತಿ ಆಡಿದ ಮಾತು ಬರೆಯುವಂಥದ್ದಲ್ಲ.

ಕೊಳೆಯುವುದು ತಪ್ಪಲ್ಲ, ಕೊಳೆಯದಿದ್ದರೆ ಕೆರೆಯಲ್ಲಿ ಮರುವರ್ಷದ ಬೆಳೆಯೇ ಇಲ್ಲ. ತಪ್ಪು ಅತಿಯಾಗಿ ಉಣ್ಣಿಸುವುದರಲ್ಲಿದೆ. ಒಂದು ಗ್ರಾಂ ರಂಜಕ ಸಿಕ್ಕರೆ ಪ್ಲವಕಗಳು ಸುಮಾರು 40 ಗ್ರಾಂ ಇಂಗಾಲವನ್ನು ಮೈಗೂಡಿಸಿಕೊಳ್ಳಬಲ್ಲವು. ಆ ರಂಜಕ ನಮ್ಮ ಬಚ್ಚಲಿನದು, ಕಕ್ಕಸಿನದು. ನಮ್ಮ ಬೆನ್ನಿಗಿರುವ ವಿಹಾರ್ ಕೆರೆ (1860) ಇಂದಿಗೂ ಕುಡಿಯುವ ನೀರು ಕೊಡುತ್ತದೆ. ಕುಡಿಯಲೆಂದೇ 1891ರಲ್ಲಿ ಕಟ್ಟಿದ ಪವಾಯಿ ಕೊಡುವುದಿಲ್ಲ. ಬಿಸಿಲು ಅದೇ, ಮಳೆ ಅದೇ. ಅಲ್ಲಿ ಸುತ್ತ ಕಾಡು, ಇಲ್ಲಿ ಸುತ್ತ ಕಟ್ಟಡ.

ಗಾಳಿಯೂದುವ ಯಂತ್ರ ಇಡಿ ಎನ್ನುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ: ರಾತ್ರಿಯ ಮೀನು ಅದರಿಂದ ಬದುಕುತ್ತದೆ, ರಂಜಕ ಮಾತ್ರ ಅಲ್ಲೇ ಇರುತ್ತದೆ. ಪುಡಿ ಎರಚಿ ಕೆರೆ ತೊಳೆಯುತ್ತೇವೆ ಎನ್ನುವವರಿಗೆ ನಮಸ್ಕಾರ. ಜಲಪರ್ಣಿ ಕಳೆ ಕೀಳುವುದು ಒಳ್ಳೆಯ ಕೆಲಸವೇ, ಹೀರಿದ ರಂಜಕ ಅದರ ಜೊತೆಗೇ ಹೊರಬರುತ್ತದೆ. ಆದರೆ ಅದನ್ನು ಲಾರಿಗೆ ಹೇರಿ ದೂರ ಒಯ್ಯಬೇಕು. ದಡದಲ್ಲೇ ರಾಶಿ ಹಾಕಿದರೆ ಅದು ಅಲ್ಲೇ ಕೊಳೆತು, ರಸ ಇಳಿಜಾರು ಹಿಡಿದು ಮತ್ತೆ ಕೆರೆ ಸೇರುತ್ತದೆ.