ಅತ್ತೆಯೊಬ್ಬಳೇ ಅಪರಾಧಿಯೇ?



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ವರದಕ್ಷಿಣೆಯ ಮಾತು ತೆಗೆದರೆ ಸಾಕು, "ಎಲ್ಲಾ ಅತ್ತೆಯದೇ ಕಾರುಬಾರು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಮಗೆ ಕಲಿಸಿದ್ದರಲ್ಲಿ ಸಿನಿಮಾದ ಪಾಲೂ ದೊಡ್ಡದು ಎಂದು ನಾನು ತಿಳಿದಿದ್ದೇನೆ.

ವಯಸ್ಸಾದ ಹೆಣ್ಣಿಗೆ ನಮ್ಮ ಸಿನಿಮಾ ಹೆಚ್ಚಾಗಿ ಕೊಟ್ಟಿರುವುದು ಎರಡೇ ಪಾತ್ರ: ಕಣ್ಣೀರಿಡುವ ತಾಯಿ, ಕಾಟ ಕೊಡುವ ಅತ್ತೆ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿಯಾಗಿದ್ದ ಪಂಡರಿಬಾಯಿ ಮುಂದೆ ಅವರಿಗೇ ತಾಯಿಯಾದರು. ನಾಯಕ ನಾಯಕನಾಗಿಯೇ ಉಳಿದ. ಇನ್ನು ಅತ್ತೆ? ಚಿನ್ನ, ಸ್ಕೂಟರು ಕೇಳುವವಳೂ ಅವಳೇ, ಸೊಸೆಯ ಜಡೆ ಹಿಡಿಯುವವಳೂ ಅವಳೇ. ಕೊನೆಯಲ್ಲಿ ಅವಳು ಕ್ಷಮೆ ಕೇಳಿದರೆ ಕಥೆ ಮುಗಿಯಿತು. ಹಣ ಯಾರ ಕೈ ಸೇರಿತು, ಮಗ ಏಕೆ ಸುಮ್ಮನಿದ್ದ ಎಂದು ಯಾರೂ ಕೇಳುವುದಿಲ್ಲ.

ಅತ್ತೆ ಹಿಂಸಿಸುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹಿಂಸಿಸಿದವಳು ಕಾನೂನಿಗೆ ಉತ್ತರ ಕೊಡಲೇಬೇಕು. ಆದರೆ ಅಡಿಕೆ ಸುಲಿದೇ ಮುದಿಯಾದ, ಒಂದು ಗುಂಟೆಯೂ ತನ್ನ ಹೆಸರಿನಲ್ಲಿಲ್ಲದ, ಮಗ ಹಾಕುವ ಅನ್ನಕ್ಕೆ ಕಾಯುವ ಹೆಣ್ಣು ಆ ಮಗನ ವಿರುದ್ಧ ಹೇಗೆ ಬಾಯಿ ಬಿಟ್ಟಾಳು? ಈ ಹೆದರಿಕೆಯನ್ನು ತೋರಿಸಿದ ಚಿತ್ರಗಳು ಎಷ್ಟಿವೆ?

ಬೇರೆ ಬಗೆಯ ಮುದುಕಿಯನ್ನು ತೆರೆಗೆ ತಂದದ್ದು ಮಲೆನಾಡಿನದೇ ಕಥೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಿತ್ರವಾಗಿಸಿದರು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು ಬಾಳು ಸವೆಸಿದ ಫಣಿಯಮ್ಮ, ಕೇಶಮುಂಡನಕ್ಕೆ ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಪರ ನಿಲ್ಲುತ್ತಾಳೆ. ತಾನು ಪಟ್ಟ ಪಾಡನ್ನು ಇನ್ನೊಬ್ಬಳೂ ಪಡಲಿ ಎನ್ನುವುದಿಲ್ಲ.

ಅದೇ 1983ರಲ್ಲಿ ದಂಡ ಸಂಹಿತೆಗೆ 498ಎ ಕಲಂ ಸೇರಿತು. 2024ರ ಜುಲೈನಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ರಕ್ಷಣೆ ಸೊಸೆಗೆ ಮಾತ್ರವಲ್ಲ, ಮಗನಿಂದ ಹಿಂಸೆ ಅನುಭವಿಸುವ ತಾಯಿಗೂ ಇದೆ. ಕಾನೂನಿನ ಕ್ರಮವಿಲ್ಲದೆ ಅವಳನ್ನು ಮನೆಯಿಂದ ಹೊರಹಾಕುವಂತಿಲ್ಲ. ಈ ಮಾತು ನಮ್ಮ ಹಿರಿಯರ ಕಿವಿಗೆ ಬಿದ್ದಿದೆಯೇ?

ಮನೆಯೊಳಗಿನ ಅಳು ಮೊದಲು ಕೇಳಿಸುವುದು ಅವರಿಗೇ. ತಮಗೂ ಒಂದು ನೆಲೆಯಿದೆ ಎಂದು ತಿಳಿದರೆ ಅವರು ಸಾಕ್ಷಿ ಹೇಳಿಯಾರು. ಮುಂದಿನ ಸಭೆಗೆ ಬರುವಾಗ ಮನೆಯ ಅತ್ತೆಯನ್ನೂ ಅಜ್ಜಿಯನ್ನೂ ಕರೆತನ್ನಿ. ತೆರೆಯ ಮೇಲೆ ಅತ್ತೆ ಅಬ್ಬರಿಸಿದಾಗಲೆಲ್ಲ ಒಂದು ಪ್ರಶ್ನೆ ಕೇಳಿ: ಈ ಮನೆಯ ಗಂಡಸರು ಎಲ್ಲಿದ್ದಾರೆ?