ಛಾವಣಿಯ ಬಾಡಿಗೆಯಷ್ಟೇ ಸಾಕೆ?

ದೀಪಾವಳಿ ಬಂತೆಂದರೆ ಕ್ವಾಲಾಲಂಪುರದ ನಮ್ಮಂಥವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಫೋಟೊ. ಐದು ಕಿಲೊ ಅಕ್ಕಿ, ಒಂದು ಬಾಟಲಿ ಎಣ್ಣೆ, ಬಿಸ್ಕತ್ತಿನ ಡಬ್ಬ; ಈಚೆ ಕೊಡುವವರು, ಆಚೆ ಈಸಿಕೊಳ್ಳುವವರು. ಈಸಿಕೊಳ್ಳುವವರಲ್ಲಿ ಹೆಚ್ಚಿನವರು ರಬ್ಬರ್ ತೋಟದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು. ತೋಟ ಬಿಟ್ಟು ಬಂದು ನಗರದಂಚಿನ ಅಗ್ಗದ ಫ್ಲಾಟು, ಸಾಲುಮನೆಗಳಲ್ಲಿ ನೆಲೆಸಿದವರು. ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಈ ಜನಕ್ಕೆ ಕೈಯೊಡ್ಡುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲ ಎಂಬ ಧಾಟಿಯಲ್ಲಿ ನಮ್ಮವರು ಆಡುವ ಮಾತಿದೆಯಲ್ಲ, ಅದಕ್ಕೆ ನನ್ನ ತಕರಾರು. ಈ ದೇಶದಲ್ಲಿ ಭಾರತೀಯ ಮೂಲದವರು ಕಟ್ಟಿದ ದೊಡ್ಡ ಆಸ್ತಿಗಳಲ್ಲಿ ಒಂದನ್ನು ಕಟ್ಟಿದವರು ಡಾಕ್ಟರರೂ ಅಲ್ಲ, ವಕೀಲರೂ ಅಲ್ಲ, ನನ್ನಂಥ ಲೆಕ್ಕಿಗರಂತೂ ಅಲ್ಲವೇ ಅಲ್ಲ. ತೋಟದ ಕೂಲಿಗಳು.

1957ರಲ್ಲಿ ಮಲಯ ಸ್ವತಂತ್ರವಾಯಿತು. ಆ ವರ್ಷಗಳಲ್ಲಿ ಬ್ರಿಟಿಷ್ ಮಾಲೀಕರು ತೋಟಗಳನ್ನು ಮಾರಿ ಹೊರಡತೊಡಗಿದರು. ಕೊಂಡವರು ಅವನ್ನು ತುಂಡುತುಂಡು ಮಾಡಿ ಮತ್ತೆ ಮಾರಿದರು. ತೋಟ ತುಂಡಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಲೈನ್ ಮನೆಯೂ ಹೋಗುತ್ತದೆ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ಸಚಿವರಾಗಿದ್ದ ವಿ. ಟಿ. ಸಂಬಂಧನ್ ತೋಟದಿಂದ ತೋಟಕ್ಕೆ ಅಲೆದು, 1960ರಲ್ಲಿ ರಾಷ್ಟ್ರೀಯ ಭೂ ಹಣಕಾಸು ಸಹಕಾರ ಸಂಘವನ್ನು ಸ್ಥಾಪಿಸಿದರು. ತಿಂಗಳಿಗೆ 10 ಡಾಲರ್ ಕಟ್ಟಿ ಷೇರುದಾರರಾಗಿ ಎಂದರು. ಮರ ಕೆತ್ತಿ ಹಾಲು ಇಳಿಸುವ ಮನೆಯಲ್ಲಿ ಆ ಕಾಲದ 10 ಡಾಲರ್ ಸಣ್ಣ ಮೊತ್ತವಲ್ಲ. ಆದರೂ ಕಟ್ಟಿದರು. ಕೆಡಾ ರಾಜ್ಯದ ಬುಕಿಟ್ ಸಿದಿಮ್ ತೋಟವನ್ನು ಮೊದಲು ಕೊಂಡರು, ಆಮೇಲೆ ಒಂದಾದ ಮೇಲೊಂದು. ಸಂಘ ಇಂದಿಗೂ ಇದೆ, ತೋಟಗಳೂ ಇವೆ.

ಅಂದು ಪ್ರಶ್ನೆ ನೆಲದ್ದಾಗಿತ್ತು. ಇಂದು ಅದೇ ಪ್ರಶ್ನೆ ಛಾವಣಿಯದ್ದು. ಮಲೇಷ್ಯಾದಲ್ಲಿ 2011ರಲ್ಲಿ ನವೀಕರಿಸಬಹುದಾದ ಇಂಧನದ ಕಾನೂನು ಬಂತು. 2016ರಲ್ಲಿ ಸೂರ್ಯಫಲಕದ ವಿದ್ಯುತ್ತನ್ನು ಮನೆಯ ಬಿಲ್ಲಿಗೆ ವಜಾ ಹಾಕಿಕೊಳ್ಳುವ ನೆಟ್ ಮೀಟರಿಂಗ್ ಬಂತು. 2024ರಲ್ಲಿ ಫಲಕ ಹಾಕಿಸುವ ಮನೆಗೆ 4,000 ರಿಂಗಿಟ್‌ವರೆಗೆ ಸಹಾಯಧನವೂ ಬಂತು. ಎಲ್ಲವೂ ಸರಿ. ಆದರೆ ಇದರ ಲಾಭ ಸಿಕ್ಕಿದ್ದು ಸ್ವಂತ ಸೂರೂ ಕೈಯಲ್ಲಿ ಇಡುಗಂಟೂ ಇದ್ದವರಿಗೆ. ನಾಲ್ಕನೇ ಮಹಡಿಯ ಫ್ಲಾಟಿನ ಬಾಡಿಗೆದಾರ ಯಾವ ಛಾವಣಿಗೆ ಫಲಕ ಹಾಕಿಸಬೇಕು? 2025ರಲ್ಲಿ ಸರ್ಕಾರ 'ಕ್ರೀಮ್' ಎಂಬ ಇನ್ನೊಂದು ಯೋಜನೆ ತಂದಿತು. ಮನೆಯವರು ಛಾವಣಿಯನ್ನು ಬಾಡಿಗೆಗೆ ಕೊಟ್ಟರೆ ಕಂಪನಿ ಹತ್ತಾರು ಛಾವಣಿಗಳ ವಿದ್ಯುತ್ತನ್ನು ಒಟ್ಟು ಮಾಡಿ ಹತ್ತಿರದವರಿಗೆ ಮಾರುತ್ತದೆ. ಕೆನೆ ಯಾರಿಗೆ ಎಂದು ಹೆಸರೇ ಕೇಳುವಂತಿದೆ! ಬಡವರಿಗೂ ನಾಲ್ಕು ಕಾಸು ಬಂತಲ್ಲ ಎಂದು ಮೆಚ್ಚಿದವರುಂಟು. ಲೆಕ್ಕದ ಪುಸ್ತಕ ತೆರೆದು ನೋಡಿ. ಆ ಬಾಡಿಗೆ ಕಂಪನಿಗೆ ಒಂದು ಖರ್ಚಿನ ಸಾಲು, ಅಷ್ಟೆ. ಇಪ್ಪತ್ತು ಇಪ್ಪತ್ತೈದು ವರ್ಷ ಬಾಳುವ ಫಲಕ ಮಾತ್ರ ಆಸ್ತಿಯ ಪುಟದಲ್ಲಿ ಕೂರುತ್ತದೆ. ಆ ಪುಟ ಕೊಟ್ಟವರದ್ದಲ್ಲ.

ಆ ಕಂಪನಿಯ ಜಾಗದಲ್ಲಿ ಸಾಲುಮನೆಗಳ ನಿವಾಸಿಗಳದ್ದೇ ಸಹಕಾರ ಸಂಘ ಯಾಕಿರಬಾರದು? ಸ್ವಂತ ಸೂರಿಲ್ಲದ ಫ್ಲಾಟಿನವರು ಅದರಲ್ಲಿ ಷೇರು ಹಿಡಿಯಬಹುದು, ದೇವಸ್ಥಾನದ ಮಂಟಪದ ಛಾವಣಿ ಗೇಣಿಗೆ ಕೇಳಬಹುದು. (ದೇವಸ್ಥಾನದ ಸಮಿತಿಗಳು ಒಮ್ಮತಕ್ಕೆ ಬರುವುದು ಕಷ್ಟ, ಬಲ್ಲೆ.) ಕಾನೂನೂ ಅಡ್ಡಗಾಲು ಹಾಕಿಲ್ಲ. ನೋಂದಣಿಯಾದ ಮೊದಲ ಐದು ವರ್ಷ ಸಹಕಾರ ಸಂಘಕ್ಕೆ ಆದಾಯ ತೆರಿಗೆ ಇಲ್ಲ. ಆಮೇಲೂ ಸದಸ್ಯರ ನಿಧಿ 7,50,000 ರಿಂಗಿಟ್ ಮುಟ್ಟುವವರೆಗೆ ವಿನಾಯಿತಿ ಉಂಟು. ಸಣ್ಣವರು ಬೇರು ಬಿಡಲಿ ಎಂದೇ ಬರೆದ ನಿಯಮ ಇದು.

ಇಷ್ಟು ಹೇಳಿದೊಡನೆ ಬೆಂಗಳೂರಿನ ಸ್ನೇಹಿತರು ನಗುತ್ತಾರೆ. "ಸಹಕಾರ ಅಂದ್ರೆ ನುಂಗೋದು ಕಣಯ್ಯಾ." 2020ರ ಜನವರಿಯಲ್ಲಿ ಅಲ್ಲಿನ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿದ್ದನ್ನು ಎತ್ತಿ ಹೇಳುತ್ತಾರೆ. ನಿವೃತ್ತರ ಜೀವಮಾನದ ದುಡಿಮೆ ಸಿಕ್ಕಿಹಾಕಿಕೊಂಡಿತು, ನಿಜ. ಆದರೆ ಕಂಪನಿಯೊಂದು ಮುಳುಗಿದಾಗ ನಾವು ಷೇರುಪೇಟೆಗೇ ಶರಣು ಹೊಡೆದು ಎದ್ದು ಬರುತ್ತೇವೆಯೇ? ಆಗ ಆ ಆಡಳಿತ ಮಂಡಳಿಯನ್ನು ಬೈಯುತ್ತೇವೆ. ಬ್ಯಾಂಕು ಬಡವರದ್ದೋ ಮಧ್ಯಮದವರದ್ದೋ ಆದರೆ ಮಾತ್ರ ತತ್ತ್ವವನ್ನೇ ಬೈಯುತ್ತೇವೆ.

ತಂತ್ರಜ್ಞಾನದ ಉದ್ಯಮ ಹಳ್ಳಿಯವರ, ಕೂಲಿಯವರ ಕೈಲಾಗದು ಎನ್ನುವವರು ಬೆಳಗಾವಿ ಜಿಲ್ಲೆಯ ಹುಕ್ಕೇರಿಗೆ ಹೋಗಿ ಬರಲಿ. ಅಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಮನೆಮನೆಗೆ, ಪಂಪ್‌ಸೆಟ್ಟಿಗೆ ಕರೆಂಟು ಕೊಡುತ್ತಿದೆ. ಅದರ ಚುನಾವಣೆಯ ಜಿದ್ದಾಜಿದ್ದಿ ನೋಡಿ ಮೂಗು ಮುರಿಯಬಹುದು. ನನಗೆ ಅದು ಸಂಘ ಜೀವಂತವಾಗಿರುವ ಗುರುತು. ತಮ್ಮದಲ್ಲದ್ದಕ್ಕೆ ಜನ ಅಷ್ಟು ಬಡಿದಾಡುವುದಿಲ್ಲ. ಭಾರತದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದುಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಆ ನಾಡಿನವರಾದ ನಾವು ಇಲ್ಲಿಗೆ ಬಂದು ಅಕ್ಕಿ ಚೀಲ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದೇವೆ.

ನಾವೇನು ಮಾಡಬಹುದು? ಸದಸ್ಯರಾಗಲು ಇಲ್ಲಿನ ಪೌರತ್ವ ಬೇಕು, ಹಾಗಾಗಿ ಕೆಲಸದ ವೀಸಾದಲ್ಲಿ ಬಂದ ನಮಗೆ ಷೇರೂ ಇಲ್ಲ, ಅಧ್ಯಕ್ಷಗಿರಿಯೂ ಇಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಆದರೆ ಸಣ್ಣ ಸಂಘಗಳು ಬಿಸಿಲು ಸಾಲದೆ ಮುಚ್ಚುವುದಿಲ್ಲ. ವೋಚರ್ ಇಲ್ಲದೆ, ರಸೀದಿ ಇಲ್ಲದೆ, ಆಡಿಟ್ ಆಗದೆ, ಮಹಾಸಭೆ ಕರೆಯದೆ ಮುಚ್ಚುತ್ತವೆ. ಈ ವಿದ್ಯೆ ನಮ್ಮಲ್ಲಿ ಬೇಕಾದಷ್ಟಿದೆ. ಹ್ಯಾಂಪರಿಗೆ ಹಾಕುವ ದುಡ್ಡಿನಲ್ಲಿ ಆ ಫ್ಲಾಟುಗಳ ನಾಲ್ಕು ಮಂದಿ ಹುಡುಗ ಹುಡುಗಿಯರಿಗೆ ಒಂದು ವರ್ಷ ಲೆಕ್ಕಪತ್ರ ಕಲಿಸಬಹುದು; ಶನಿವಾರ ಸಂಜೆಯ ಪಾಠಕ್ಕೆ ನಾನಿದ್ದೇನೆ, ಸಂಬಳ ಬೇಡ. ನಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಖರ್ಚನ್ನು ಹಬ್ಬದ ಖಾತೆಯಿಂದ ತೆಗೆದು ತರಬೇತಿಯ ಖಾತೆಗೆ ಹಾಕಬೇಕೆಂದು ಸೂಚಿಸುವವನಿದ್ದೇನೆ. ಅನುಮೋದಿಸಲು ಒಬ್ಬರು ಬೇಕು.