ಕ್ಯಾಮೆರಾ ಕೆಟ್ಟಿತೇ, ಕಾನೂನು ಕೆಡಿಸಿತೇ?

ಹೊಸ ಯಂತ್ರವೊಂದು ಮನೆಗೆ ಬಂದಾಗ ಅದರ ಕೈಪಿಡಿಯ ಮೊದಲ ಪುಟಗಳನ್ನು ಎಲ್ಲರೂ ಆಸ್ಥೆಯಿಂದ ಓದುತ್ತಾರೆ. ಕಡೆಯ ಪುಟವನ್ನು ಓದುವವರು ವಿರಳ. ಯಂತ್ರದ ಗುಣವಿಶೇಷಗಳೆಲ್ಲ ಮೊದಲಿನಲ್ಲಿರುತ್ತವೆ. ಕಡೆಯಲ್ಲಿ, ಕಣ್ಣಿಗೆ ಶ್ರಮವಾಗುವಷ್ಟು ಚಿಕ್ಕ ಅಕ್ಷರಗಳಲ್ಲಿ, ಈ ಯಂತ್ರವು ಇಂಥಿಂಥ ದೇಶಗಳ ಇಂಥಿಂಥ ನಿಯಮಗಳಿಗೆ ಅನುಗುಣವಾಗಿದೆ ಎಂಬ ಒಕ್ಕಣೆ ಇರುತ್ತದೆ. ಮೊದಲಿನದು ವಿಜ್ಞಾನ, ಕಡೆಯದು ಬರಿಯ ಸರ್ಕಾರಿ ಕಾಗದ ಎಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಭಾವಿಸಿದ್ದಾರೆ. ಈ ಭಾವನೆ ತಪ್ಪೆಂದೂ ಆ ಕಡೆಯ ಪುಟವೂ ಯಂತ್ರದ ಒಂದು ಅಂಗವೇ ಎಂದೂ ವಾದಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕೆಲವು ಕಾಲದ ಹಿಂದೆ ಕಾಲೇಜು ವಿದ್ಯಾರ್ಥಿಯೊಬ್ಬನು ತನ್ನ ತಾತನವರ ಫಿಲ್ಮ್ ಕ್ಯಾಮೆರಾವನ್ನು ನನ್ನಲ್ಲಿಗೆ ತಂದಿದ್ದನು. ಷಟರು ಗಡಿಯಾರದಂತೆ ನಿಯತವಾಗಿ ನಡೆಯುತ್ತಿತ್ತು. ಮಸೂರದಲ್ಲಿ ಒಂದು ಗೀರೂ ಇರಲಿಲ್ಲ. ಆದರೆ ಬೆಳಕನ್ನು ಅಳೆಯುವ ಮುಳ್ಳು ಮಾತ್ರ ಸುಳ್ಳು ಹೇಳುತ್ತಿತ್ತು. "ಇದಕ್ಕೆ ಬೇಕಾದ ಸೆಲ್ಲನ್ನು ಮಾರಬಾರದೆಂದು ಕಾನೂನೇ ಆಗಿದೆಯಂತೆ ಸಾರ್. ಇಷ್ಟು ವರ್ಷ ಕೆಡದ ಯಂತ್ರವನ್ನು ಕಾನೂನು ಕೆಡಿಸಿಬಿಟ್ಟಿತು" ಎಂದು ಅವನು ನೊಂದುಕೊಂಡನು. ಅವನ ದೂರು ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಅದು ನಿಜವಾಗಿಯೂ ನ್ಯಾಯವೇ ಎಂಬುದನ್ನು ವಿಚಾರಮಾಡಿ ನೋಡೋಣ.

ಮೊದಲು ಯಂತ್ರದ ರಚನೆ. ಎಸ್.ಎಲ್.ಆರ್. ಎಂದು ಕರೆಯುವ ಈ ಕ್ಯಾಮೆರಾದಲ್ಲಿ ಚಿತ್ರವನ್ನು ನೋಡುವುದಕ್ಕೂ ತೆಗೆಯುವುದಕ್ಕೂ ಮಸೂರ ಒಂದೇ. ಮಸೂರದ ಹಿಂದೆ ಓರೆಯಾಗಿ ನಿಂತ ಕನ್ನಡಿಯು ಬೆಳಕನ್ನು ಮೇಲಿರುವ ಉಜ್ಜುಗಾಜಿನ ತೆರೆಗೆ ತಿರುಗಿಸುತ್ತದೆ. ಅಲ್ಲಿ ಮೂಡಿದ ಬಿಂಬವನ್ನು ಐದು ಮೂಲೆಯ ಅಶ್ರಗವು ನೆಟ್ಟಗೆ ಮಾಡಿ ನಮ್ಮ ಕಣ್ಣಿಗೆ ಒಪ್ಪಿಸುತ್ತದೆ. ಗುಂಡಿಯನ್ನು ಒತ್ತಿದೊಡನೆ ಕನ್ನಡಿ ಮೇಲೆದ್ದು, ಷಟರು ತೆರೆದು, ಅದೇ ಬೆಳಕು ಫಿಲ್ಮಿನ ಮೇಲೆ ಬೀಳುತ್ತದೆ. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ 1936ರಲ್ಲಿ ಹೊರಬಂದ ಕಿನೆ ಎಕ್ಸಾಕ್ಟ, 1949ರ ಕಾಂಟಾಕ್ಸ್ ಎಸ್, ಜಪಾನಿನ 1959ರ ನಿಕಾನ್ ಎಫ್ ಇವು ಈ ಬೆಳವಣಿಗೆಯ ಮುಖ್ಯ ಮಜಲುಗಳು.

1960ರ ದಶಕದಲ್ಲಿ ಇದಕ್ಕೆ ಇನ್ನೊಂದು ಸೌಕರ್ಯ ಸೇರಿತು. ಮಸೂರದ ಮೂಲಕ ಒಳಬಂದ ಬೆಳಕನ್ನೇ ಅಳೆಯುವ ಮಾಪಕವನ್ನು ಕ್ಯಾಮೆರಾದೊಳಗೆ ಇರಿಸಿದರು. 1963ರ ಟಾಪ್‌ಕಾನ್ ಆರ್.ಇ. ಸೂಪರ್, 1964ರ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್, 1966ರ ಮಿನೋಲ್ಟ ಎಸ್.ಆರ್.ಟಿ. 101 ಈ ಬಗೆಯವು. ಮಾಪಕದ ಜೀವಾಳವೆಂದರೆ ಕ್ಯಾಡ್ಮಿಯಂ ಸಲ್ಫೈಡಿನ ಒಂದು ಬಿಲ್ಲೆ. ಕತ್ತಲಲ್ಲಿ ಅದು ವಿದ್ಯುತ್ತಿಗೆ ಬಹಳ ರೋಧವನ್ನು ಒಡ್ಡುತ್ತದೆ. ಬೆಳಕು ಹೆಚ್ಚಿದಂತೆ ಅದರ ರೋಧ ತಗ್ಗುತ್ತದೆ. ಒಂದು ಚಿಕ್ಕ ವಿದ್ಯುತ್ಕೋಶ, ಈ ಬಿಲ್ಲೆ, ಒಂದು ಸೂಕ್ಷ್ಮ ಗ್ಯಾಲ್ವನಾಮೀಟರು ಇವನ್ನು ಒಂದೇ ಸಾಲಿನಲ್ಲಿ ಜೋಡಿಸಿದರೆ, ಮುಳ್ಳು ಎಷ್ಟು ವಾಲುತ್ತದೆಂಬುದರಿಂದ ಬೆಳಕನ್ನು ತಿಳಿಯಬಹುದು.

ಆದರೆ ಇಲ್ಲೊಂದು ತೊಡಕಿದೆ. ಓಮನ ನಿಯಮವನ್ನು ಬಲ್ಲ ವಿದ್ಯಾರ್ಥಿಗೆ ಅದು ಕೂಡಲೇ ಹೊಳೆಯುತ್ತದೆ. ಮುಳ್ಳಿನ ವಾಲಿಕೆಗೆ ಕಾರಣ ಬೆಳಕು ಮಾತ್ರವಲ್ಲ, ಕೋಶದ ವೋಲ್ಟೂ ಹೌದು. ಕೋಶವು ಸವೆದು ವೋಲ್ಟು ಇಳಿದರೆ, ಬೆಳಕೇ ಇಳಿಯಿತೆಂದು ಮುಳ್ಳು ತಿಳಿಯುತ್ತದೆ. ಆದ್ದರಿಂದ ಬಾಳಿಕೆಯ ಉದ್ದಕ್ಕೂ ವೋಲ್ಟನ್ನು ಬದಲಿಸದ ಕೋಶ ಬೇಕಾಯಿತು. ಅಮೆರಿಕದ ಸ್ಯಾಮುಯೆಲ್ ರೂಬೆನ್ ಎಂಬಾತನು ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪಿಸಿದ್ದ ಪಾದರಸದ ಕೋಶವು ಇದಕ್ಕೆ ಹೇಳಿಮಾಡಿಸಿದಂತಿತ್ತು. ಅದರಲ್ಲಿ ಸತುವೂ ಪಾದರಸದ ಆಕ್ಸೈಡೂ ವರ್ತಿಸಿ, ಸತುವಿನ ಆಕ್ಸೈಡೂ ಶುದ್ಧ ಪಾದರಸವೂ ಉಂಟಾಗುತ್ತವೆ. ನಡುವಣ ಕ್ಷಾರದ್ರಾವಣದ ಸಾಂದ್ರತೆ ಹೆಚ್ಚು ಬದಲಾಗುವುದಿಲ್ಲ. ಹೀಗಾಗಿ ಸುಮಾರು 1.35 ವೋಲ್ಟು ಕಡೆಯವರೆಗೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಅನೇಕ ತಯಾರಕರು ಈ ಸ್ಥಿರತೆಯನ್ನು ನಂಬಿ, ತಮ್ಮ ಮಾಪಕಗಳನ್ನು 1.35 ವೋಲ್ಟಿಗೆ ಕಟ್ಟಿಹಾಕಿಬಿಟ್ಟರು.

ಮುಂದೆ ಕಾನೂನು ಬಂದಿತು. ಅಮೆರಿಕವು 1996ರಲ್ಲಿ ಗುಂಡಿಯಾಕಾರದ ಪಾದರಸದ ಆಕ್ಸೈಡ್ ಕೋಶಗಳ ಮಾರಾಟವನ್ನು ಶಾಸನದಿಂದ ನಿಷೇಧಿಸಿತು. ಯೂರೋಪಿನ ಒಕ್ಕೂಟದಲ್ಲಿ 2000ದಿಂದ ಇಂಥದೇ ನಿಷೇಧ ಜಾರಿಗೆ ಬಂದಿತು. 2013ರಲ್ಲಿ ಜಪಾನಿನ ಕುಮಾಮೊಟೊ ನಗರದಲ್ಲಿ ಅಂಗೀಕೃತವಾಗಿ 2017ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವು ಈ ನಿರ್ಬಂಧವನ್ನು ಜಗತ್ತಿಗೆಲ್ಲ ವಿಸ್ತರಿಸಿತು; ಭಾರತವು 2018ರಲ್ಲಿ ಅದನ್ನು ಸ್ಥಿರೀಕರಿಸಿತು. ಹಳೆಯ ಕ್ಯಾಮೆರಾವನ್ನು ಯಾರೂ ನಿಷೇಧಿಸಲಿಲ್ಲ. ಅದರ ಆಹಾರವು ಮಾತ್ರ ಅಂಗಡಿಯಿಂದ ಮಾಯವಾಯಿತು.

ಈಗ ಕೋಶದ ಜಾಗದಲ್ಲಿ 1.55 ವೋಲ್ಟಿನ ಬೆಳ್ಳಿಯ ಆಕ್ಸೈಡಿನ ಕೋಶವನ್ನು ಇಟ್ಟರೆ ಏನಾಗುತ್ತದೆ? ವೋಲ್ಟು ನೂರಕ್ಕೆ ಹದಿನೈದರಷ್ಟು ಹೆಚ್ಚುತ್ತದೆ. ಇರುವುದಕ್ಕಿಂತ ಹೆಚ್ಚು ಬೆಳಕಿದೆಯೆಂದು ಮುಳ್ಳು ಹೇಳುತ್ತದೆ. ಅದನ್ನು ನಂಬಿದವನು ಫಿಲ್ಮಿಗೆ ಕಡಮೆ ಬೆಳಕನ್ನು ಕೊಡುತ್ತಾನೆ. ನೆರಳಿನಲ್ಲಿದ್ದ ವಿವರಗಳೆಲ್ಲ ಅಳಿಸಿಹೋಗುತ್ತವೆ. ಈ ತಪ್ಪು ಎಲ್ಲ ಬೆಳಕಿನಲ್ಲೂ ಒಂದೇ ಪ್ರಮಾಣದಲ್ಲಿರುವುದಿಲ್ಲವಾದ್ದರಿಂದ ಇಷ್ಟೇ ಕಳೆಯಬೇಕೆಂದು ಲೆಕ್ಕ ಹಿಡಿಯುವುದೂ ಕಷ್ಟ. ನನ್ನ ವಿದ್ಯಾರ್ಥಿಯ ಸಂಕಟ ಇದೇ ಆಗಿತ್ತು. ಒಂದು ಗುಂಡಿಯಷ್ಟು ಪಾದರಸಕ್ಕೆ ಇಷ್ಟು ದೊಡ್ಡ ದಂಡವೇ ಎಂದು ಅವನು ಕೇಳಿದ್ದು ಸಹಜ.

ಇದಕ್ಕೆ ಉತ್ತರವನ್ನು ಹುಡುಕುವುದಕ್ಕೆ ಆ ಅಂತರರಾಷ್ಟ್ರೀಯ ಒಪ್ಪಂದದ ಹೆಸರನ್ನೇ ನೋಡಬೇಕು. ಅದರ ಹೆಸರು ಮಿನಮಾಟ ಒಪ್ಪಂದ. ಮಿನಮಾಟ ಎಂಬುದು ದಕ್ಷಿಣ ಜಪಾನಿನ ಕಡಲತೀರದ ಒಂದು ಊರು. ಅಲ್ಲಿನ ಚಿಸ್ಸೊ ಕಂಪೆನಿಯ ಕಾರ್ಖಾನೆಯಲ್ಲಿ 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ತಯಾರಿಕೆಗೆ ಪಾದರಸವನ್ನು ವೇಗವರ್ಧಕವಾಗಿ ಬಳಸುತ್ತಿದ್ದರು. ಆ ಕ್ರಿಯೆಯಲ್ಲಿ ಉಂಟಾದ ಮೀಥೈಲ್ ಪಾದರಸವು ಕೊಲ್ಲಿಗೆ ಹರಿದು, ಮೀನುಗಳ ಮೈಯಲ್ಲಿ ಶೇಖರವಾಗಿ, ಮೀನನ್ನು ಉಂಡವರ ನರಮಂಡಲವನ್ನು ಹಾಳುಮಾಡಿತು. 1956ರಲ್ಲಿ ರೋಗವು ಅಧಿಕೃತವಾಗಿ ಬೆಳಕಿಗೆ ಬಂದಿತು. ತಾಯಿ ಮೇಲುನೋಟಕ್ಕೆ ಆರೋಗ್ಯವಾಗಿದ್ದಂತೆ ಕಂಡರೂ ಗರ್ಭದಲ್ಲಿದ್ದ ಮಗುವಿಗೆ ವಿಷ ತಗುಲಿದ ಪ್ರಸಂಗಗಳು ಇದ್ದವು.

1971ರಲ್ಲಿ ಅಮೆರಿಕದ ಛಾಯಾಚಿತ್ರಕಾರ ಯೂಜೀನ್ ಸ್ಮಿತ್ ತನ್ನ ಪತ್ನಿ ಐಲೀನ್‌ರೊಡನೆ ಆ ಊರಿಗೆ ಹೋಗಿ, ಮೂರು ವರ್ಷಗಳ ಕಾಲ ಅಲ್ಲಿಯೇ ನೆಲಸಿ, ರೋಗಿಗಳ ಬಾಳನ್ನು ಚಿತ್ರಿಸಿದನು. 1972ರ ಆರಂಭದಲ್ಲಿ ಕಂಪೆನಿಯ ಕಡೆಯವರಿಂದ ಏಟು ತಿಂದು ತೀವ್ರವಾಗಿ ಗಾಯಗೊಂಡರೂ ಕೆಲಸವನ್ನು ಬಿಡಲಿಲ್ಲ. ಪಾದರಸವೆಂದರೆ ಏನೆಂಬುದನ್ನು ಜಗತ್ತು ಕಣ್ಣಾರೆ ಕಂಡದ್ದು ಬಹುಮಟ್ಟಿಗೆ ಆ ಚಿತ್ರಗಳಿಂದ. ಅಲ್ಲಿ ಅವನ ಕೈಯಲ್ಲಿದ್ದ ಕ್ಯಾಮೆರಾಗಳಲ್ಲಿ ಮಿನೋಲ್ಟ ಎಸ್.ಆರ್.ಟಿ. 101 ಸೇರಿತ್ತು. ಅದರ ಮಾಪಕವು 1.35 ವೋಲ್ಟಿನ ಪಾದರಸದ ಕೋಶಕ್ಕಾಗಿಯೇ ಮಾಡಿದ್ದು! ಪಾದರಸದ ಅನಾಹುತಕ್ಕೆ ಸಾಕ್ಷಿ ನುಡಿದ ಯಂತ್ರದ ಹೊಟ್ಟೆಯಲ್ಲಿಯೇ ಪಾದರಸಕ್ಕೊಂದು ಮನೆಯಿತ್ತು. ಅದಕ್ಕಾಗಿ ಯಾರನ್ನೂ ಆಕ್ಷೇಪಿಸಬೇಕಾಗಿಲ್ಲ. ಆ ಕಾಲಕ್ಕೆ ಅದೇ ಉತ್ತಮವಾದ ಕೋಶವಾಗಿತ್ತು.

ಕೋಶದೊಳಗಿನ ಪಾದರಸ ಬೇರೆ, ಮಿನಮಾಟದ ಮೀಥೈಲ್ ಪಾದರಸ ಬೇರೆ ಎಂದು ಯಾರಾದರೂ ಹೇಳಬಹುದು. ಈ ಮಾತು ರಸಾಯನಶಾಸ್ತ್ರದ ದೃಷ್ಟಿಯಿಂದ ಸರಿ. ಆದರೆ ಎಸೆದ ಕೋಶ ಎಸೆದಲ್ಲಿಯೇ ಇರುವುದಿಲ್ಲ. ಕಸದೊಡನೆ ಸುಟ್ಟರೆ ಪಾದರಸ ಆವಿಯಾಗಿ ಗಾಳಿಗೆ ಸೇರುತ್ತದೆ. ಮಣ್ಣಿನಲ್ಲಿ ತುಕ್ಕು ಹಿಡಿದರೆ ನೀರಿಗೆ ಸೇರುತ್ತದೆ. ಕೆರೆ ಕಡಲುಗಳ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸಬಲ್ಲವು. ಪಾದರಸವು ಮೂಲವಸ್ತುವಾದ್ದರಿಂದ ಅದನ್ನು ಸುಟ್ಟು ಇಲ್ಲವಾಗಿಸಲು ಸಾಧ್ಯವಿಲ್ಲ. ಕ್ಯಾಮೆರಾ, ಕೈಗಡಿಯಾರ, ಕಿವುಡರ ಶ್ರವಣಸಾಧನ ಇವುಗಳಲ್ಲೆಲ್ಲ ಸವೆದ ಕೋಶಗಳನ್ನು ಒಟ್ಟು ಲೆಕ್ಕಹಾಕಿದಾಗ ಒಂದು ಗುಂಡಿಯ ಪ್ರಶ್ನೆ ಉಳಿಯುವುದಿಲ್ಲ. ಆದ್ದರಿಂದ ನಿಷೇಧವು ನ್ಯಾಯವೆಂದೇ ನನ್ನ ನಿಶ್ಚಿತಾಭಿಪ್ರಾಯ.

ಹಾಗಾದರೆ ಕ್ಯಾಮೆರಾ ಕೆಡಲು ಕಾರಣ ಯಾರು? ಇಲ್ಲಿ ನಾವು ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ಕಿನ ಒಳಗನ್ನು ನೋಡಬೇಕು. ಅದಕ್ಕೂ ಮೊದಲು ಪಾದರಸದ ಕೋಶವನ್ನೇ ಹಾಕುತ್ತಿದ್ದರು. ಆದರೆ ಅದರ ಮಾಪಕವನ್ನು ಸರಳ ಸಾಲಿನಲ್ಲಿ ಜೋಡಿಸದೆ ಸೇತುವೆಯ ರೂಪದಲ್ಲಿ ಜೋಡಿಸಿದ್ದರು. ಪ್ರಯೋಗಶಾಲೆಯಲ್ಲಿ ಮೀಟರ್ ಸೇತುವೆಯನ್ನು ಬಳಸಿದ ವಿದ್ಯಾರ್ಥಿಗಳಿಗೆ ಇದರ ತತ್ತ್ವ ಗೊತ್ತಿದೆ. ನಾಲ್ಕು ರೋಧಗಳು ತಕ್ಕ ಪ್ರಮಾಣದಲ್ಲಿದ್ದಾಗ ಗ್ಯಾಲ್ವನಾಮೀಟರಿನಲ್ಲಿ ಪ್ರವಾಹವಿರುವುದಿಲ್ಲ, ಮುಳ್ಳು ನಡುವೆ ನಿಲ್ಲುತ್ತದೆ. ಕೋಶದ ವೋಲ್ಟು ಸ್ವಲ್ಪ ಹೆಚ್ಚಿದರೂ ತಗ್ಗಿದರೂ ಆ ಸಮತೋಲದ ಸ್ಥಾನ ಕದಲುವುದಿಲ್ಲ. ಆದ್ದರಿಂದಲೇ ಸ್ಪಾಟ್‌ಮ್ಯಾಟಿಕ್ ಕ್ಯಾಮೆರಾದಲ್ಲಿ ಇಂದು ಬೆಳ್ಳಿಯ ಕೋಶವನ್ನಿಟ್ಟರೂ ಮಾಪಕವು ಗಣನೀಯ ದೋಷವಿಲ್ಲದೆ ನಡೆಯುತ್ತದೆ. ಒಂದೇ ಕಾಲದ ಎರಡು ಯಂತ್ರಗಳಲ್ಲಿ ಒಂದು ಕಾನೂನಿನ ಮುಂದೆ ಎಡವಿತು, ಇನ್ನೊಂದು ನಿರಾಯಾಸವಾಗಿ ದಾಟಿತು. ವ್ಯತ್ಯಾಸವಿದ್ದದ್ದು ವಿನ್ಯಾಸದಲ್ಲಿ. ಒಂದು ವಿಶೇಷವಾದ ವಸ್ತುವಿನ ಒಂದು ವಿಶೇಷವಾದ ಗುಣಕ್ಕೆ ಯಂತ್ರವನ್ನೆಲ್ಲ ಒತ್ತೆಯಿಟ್ಟರೆ, ಆ ವಸ್ತು ಎಂದಾದರೂ ಕೈತಪ್ಪಿದಾಗ ಯಂತ್ರವೂ ಕೈತಪ್ಪುತ್ತದೆ.

ಮುಂದಿನ ಎಸ್.ಎಲ್.ಆರ್.ಗಳ ಇತಿಹಾಸವೂ ಇದನ್ನೇ ಹೇಳುತ್ತದೆ. ಕ್ಯಾಮೆರಾದೊಳಗೆ ಮೋಟಾರುಗಳೂ ಗಣಕದ ಬಿಲ್ಲೆಗಳೂ ಸೇರಿದ ಮೇಲೆ, ಅದು ಹೊರಸೂಸುವ ರೇಡಿಯೊ ಅಲೆಗಳು ನೆರೆಯ ರೇಡಿಯೊ, ದೂರದರ್ಶನಗಳನ್ನು ಕಾಡಬಾರದೆಂಬ ನಿಯಮ ಬಂದಿತು. ಯೂರೋಪಿನಲ್ಲಿ 2006ರಿಂದ ಸೀಸ, ಕ್ಯಾಡ್ಮಿಯಂ ಮೊದಲಾದವನ್ನು ವಿದ್ಯುತ್ ಸಾಧನಗಳಲ್ಲಿ ಮಿತಿಗೊಳಿಸುವ ನಿಯಮವು ಜಾರಿಗೆ ಬಂದಿತು. ಇವನ್ನು ಪಾಲಿಸುವುದಕ್ಕೆ ಬೆಸುಗೆಯ ಲೋಹ, ಲೋಹದ ಕವಚ, ತಂತಿಗಳ ಜೋಡಣೆ ಎಲ್ಲವನ್ನೂ ಎಂಜಿನಿಯರನು ಹೊಸದಾಗಿ ಯೋಚಿಸಬೇಕಾಯಿತು. ಇದು ಗುಮಾಸ್ತನ ಕೆಲಸವಲ್ಲ, ವಿಜ್ಞಾನಿಯ ಕೆಲಸ.

ಇಷ್ಟು ಹೇಳಿದ ಮೇಲೆ ಶಾಸನಕರ್ತರಿಗೂ ಒಂದು ಮಾತು ಹೇಳಬೇಕಾಗಿದೆ. ವಸ್ತುವೊಂದನ್ನು ನಿಷೇಧಿಸುವವರು, ಅದನ್ನು ನಂಬಿದ ಯಂತ್ರಗಳ ಗತಿಯೇನೆಂಬುದನ್ನೂ ವಿಚಾರಿಸಬೇಕು. ಮಾರಾಟ ನಿಲ್ಲಿಸಿದ ಯಂತ್ರದ ವಿದ್ಯುತ್ ನಕ್ಷೆಯನ್ನು ತಯಾರಕರು ಬಹಿರಂಗಪಡಿಸಬೇಕೆಂಬ ಒಂದು ಕಟ್ಟಳೆಯಿದ್ದಿದ್ದರೆ, ಎಷ್ಟೋ ಕ್ಯಾಮೆರಾಗಳನ್ನು ಊರಿನ ಕುಶಲಕರ್ಮಿಗಳೇ ಸರಿಪಡಿಸಬಹುದಾಗಿತ್ತು. ವಿಷವನ್ನು ತಡೆಯುವ ಭರದಲ್ಲಿ ಒಳ್ಳೆಯ ಯಂತ್ರಗಳನ್ನು ಕಸದ ರಾಶಿಗೆ ಅಟ್ಟುವುದು ಜಾಣತನವಲ್ಲ.

ತಾತನವರ ಕ್ಯಾಮೆರಾವನ್ನು ಇಟ್ಟುಕೊಂಡ ತರುಣರು ನಿರಾಶರಾಗಬೇಕಾಗಿಲ್ಲ. ಆ ಕಾಲದ ಅನೇಕ ಕ್ಯಾಮೆರಾಗಳಲ್ಲಿ ಷಟರಿಗೆ ವಿದ್ಯುತ್ತೇ ಬೇಡ, ಮಾಪಕವೊಂದಕ್ಕೇ ಬೇಕು. ಸತು ಮತ್ತು ಗಾಳಿಯಿಂದ ನಡೆಯುವ ಕೋಶವು ಸುಮಾರು 1.4 ವೋಲ್ಟನ್ನು ಕೊಡುತ್ತದೆ. ತೆರೆದ ಮೇಲೆ ಅದು ಕೆಲವು ತಿಂಗಳು ಮಾತ್ರ ಬಾಳುತ್ತದೆ, ಅಷ್ಟೆ. ಬೆಳ್ಳಿಯ ಕೋಶದ ವೋಲ್ಟನ್ನು ತಗ್ಗಿಸುವ ಡಯೋಡನ್ನು ಅಳವಡಿಸಬಹುದು. ಏನೂ ಇಲ್ಲದಿದ್ದರೆ, ನಿಚ್ಚಳ ಬಿಸಿಲಿನಲ್ಲಿ ಮಸೂರದ ದ್ವಾರವನ್ನು 16ಕ್ಕೆ ಇಟ್ಟು, ಫಿಲ್ಮಿನ ವೇಗದ ಸಂಖ್ಯೆ 100 ಆದರೆ ಷಟರನ್ನು ಸೆಕೆಂಡಿನ ಸುಮಾರು 100ನೆಯ ಒಂದು ಭಾಗಕ್ಕೆ ಇಡುವ ಹಳೆಯ ಸೂತ್ರವಿದೆ. ನನ್ನ ವಿದ್ಯಾರ್ಥಿಯು ಡಯೋಡಿನ ದಾರಿಯನ್ನು ಹಿಡಿದನು. ಬೆಸುಗೆ ಹಾಕುವುದನ್ನೂ ಕಲಿತನು.

ಕಡೆಯದಾಗಿ ಒಂದು ವಿನಂತಿ. ಮನೆಯ ಪೆಟ್ಟಿಗೆಗಳಲ್ಲಿ, ಶಾಲೆಯ ಪ್ರಯೋಗಶಾಲೆಯ ಅರೆಗಳಲ್ಲಿ ಹಳೆಯ ಪಾದರಸದ ಕೋಶಗಳು ಇನ್ನೂ ಬಿದ್ದಿರಬಹುದು. ಅವನ್ನು ಒಡೆದು ನೋಡಬೇಡಿ, ಸುಡಬೇಡಿ, ಕಸದ ತೊಟ್ಟಿಗೆ ಹಾಕಬೇಡಿ. ಸವೆದ ಕೋಶಗಳನ್ನು ಮನೆಯ ಕಸದೊಡನೆ ಬೆರೆಸಬಾರದೆಂದು ನಮ್ಮ ದೇಶದ 2022ರ ನಿಯಮಗಳೇ ಹೇಳುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಅವನ್ನು ಸಂಗ್ರಹಿಸಲು ಅಧಿಕಾರ ಪಡೆದವರಿಗೆ ಒಪ್ಪಿಸಿ. ಮುಂದಿನ ಸಲ ಹೊಸ ಯಂತ್ರವನ್ನು ಕೊಂಡಾಗ ಕೈಪಿಡಿಯ ಕಡೆಯ ಪುಟವನ್ನೂ ತಪ್ಪದೆ ಓದಿ. ಅಲ್ಲಿರುವ ಒಂದೊಂದು ಸಾಲಿನ ಹಿಂದೆಯೂ ಎಲ್ಲಿಯೋ ಯಾರೋ ಪಟ್ಟ ಪಾಡು ಇರಬಹುದು. ಅಂಥ ಪಾಡು ಮತ್ತೊಬ್ಬರಿಗೆ ಬಾರದಂತೆ ನೋಡಿಕೊಳ್ಳುವುದೂ ಒಳ್ಳೆಯ ಯಂತ್ರದ ಗುಣವಿಶೇಷಗಳಲ್ಲಿ ಒಂದು.